ಜಾಮೀನು ನಿಂತ ತಂದೆ, ಕಂತು ತಪ್ಪಿಸಿದ ಮಗಳು

ತಂದೆಗೆ 61 ವರ್ಷ. ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಮಗಳಿಗೆ 25, ಸ್ನಾತಕೋತ್ತರ ಓದಿಗಾಗಿ ತೆಗೆದ ಶಿಕ್ಷಣ ಸಾಲವನ್ನು ತನ್ನ ಸಂಬಳದಿಂದ ತೀರಿಸುತ್ತಿದ್ದಾಳೆ. ಆ ಸಾಲಕ್ಕೆ ಜಾಮೀನು ನಿಂತವರು ತಂದೆಯೇ. ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿರುವ ಈ ಪ್ರಕರಣದಲ್ಲಿ ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ವಿವಾದದ ಸ್ವರೂಪವನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ.

ಸತತವಾಗಿ ಮೂರು ತಿಂಗಳ ಕಂತು ಬಾಕಿ ಉಳಿದು, ಬ್ಯಾಂಕಿನ ನೋಟಿಸು ಜಾಮೀನುದಾರರ ಹೆಸರಿಗೆ ಮನೆಗೆ ಬಂದಾಗಲೇ ತಂದೆಗೆ ವಿಷಯ ತಿಳಿದದ್ದು. ಅವರು ಮಗಳನ್ನು ಒಂದು ಮಾತೂ ಕೇಳದೆ ಅಂದೇ ಬ್ಯಾಂಕಿಗೆ ಹೋಗಿ ಬಾಕಿಯನ್ನೆಲ್ಲ ಕಟ್ಟಿ ಬಂದರು, ಕಟ್ಟಿದೆನೆಂದೂ ಹೇಳಲಿಲ್ಲ. ಕೆಲವು ದಿನ ಮಾತು ಬಿಟ್ಟಿದ್ದು, ಕೊನೆಗೆ ಬಂಧುಗಳೆಲ್ಲ ಸೇರಿದ್ದ ಹೊತ್ತಿನಲ್ಲಿ, ಈಗಿನ ಪೀಳಿಗೆಗೆ ಸಾಲ ಮಾಡುವುದು ಗೊತ್ತು, ತೀರಿಸುವುದು ಗೊತ್ತಿಲ್ಲ ಎಂದು ಎಲ್ಲರೆದುರೇ ಹೇಳಿದರು. ಮಗಳು ಅಲ್ಲಿಂದ ಎದ್ದು ಹೋದಳು. ತಾಯಿಯ ಒತ್ತಾಯಕ್ಕೆ ಇಬ್ಬರೂ ಆಪ್ತಸಲಹೆಗೆ ಬಂದರು.

ಮೊದಲ ಭೇಟಿಯಲ್ಲಿ ತಂದೆ ಕೇಳಿದ ಪ್ರಶ್ನೆ ಮಗಳನ್ನು ಕುರಿತದ್ದಾಗಿರಲಿಲ್ಲ. "ನೀವು ಇಂಥವರನ್ನು ದಿನವೂ ನೋಡುತ್ತೀರಿ. ಈಗಿನವರಿಗೆ ಜವಾಬ್ದಾರಿ ಕಡಿಮೆಯೋ ಅಲ್ಲವೋ, ಅಷ್ಟನ್ನು ಹೇಳಿಬಿಡಿ" ಎಂದರು. ತಾವು 19ನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡದ್ದು, ಅವರು ಬಿಟ್ಟುಹೋದ ಕೈಸಾಲವನ್ನು ವರ್ಷಗಟ್ಟಲೆ ತೀರಿಸಿದ್ದು, ಇಬ್ಬರು ತಮ್ಮಂದಿರನ್ನು ಓದಿಸಿದ್ದು, ಇವನ್ನೆಲ್ಲ ಯಾವ ಉತ್ಪ್ರೇಕ್ಷೆಯೂ ಇಲ್ಲದೆ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು. ಅದರಲ್ಲಿ ಅನುಮಾನಪಡುವಂಥದ್ದು ಏನೂ ಇರಲಿಲ್ಲ.

ಮಗಳ ಉತ್ತರವೂ ಕಾಲವನ್ನೇ ಕುರಿತಿತ್ತು. ಅಪ್ಪ ಒಂದೇ ಸಂಸ್ಥೆಯಲ್ಲಿ ಕಾಯಂ ಕೆಲಸದಲ್ಲಿದ್ದವರು, ತಿಂಗಳು ತುಂಬಿದ ಕೂಡಲೇ ಸಂಬಳ ಕಂಡವರು. ತಾನು ವರ್ಷ ವರ್ಷವೂ ಕರಾರು ನವೀಕರಿಸಿಕೊಳ್ಳಬೇಕಾದ ಕೆಲಸದಲ್ಲಿದ್ದು, ಸಂಸ್ಥೆ ಎರಡು ತಿಂಗಳ ಸಂಬಳವನ್ನು ತಡೆಹಿಡಿದಾಗ ಮನೆ ಬಾಡಿಗೆ ಕಟ್ಟುವುದೋ ಕಂತು ಕಟ್ಟುವುದೋ ಎಂಬ ಸ್ಥಿತಿಗೆ ಬಂದೆ ಎಂದಳು. ಇದೂ ನಿಜವೇ. ಆದರೆ ಬ್ಯಾಂಕಿನಿಂದ ಕರೆ ಬಂದಾಗ ಏನು ಹೇಳಿದಿರಿ ಎಂದು ಕೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, ಫೋನು ಎತ್ತಲಿಲ್ಲ ಎಂದಳು. ಮೂರನೆಯ ತಿಂಗಳು ಸಂಬಳ ಕೈಗೆ ಬಂದಿತ್ತು, ಆಗಲೂ ಎತ್ತಲಿಲ್ಲ.

ಪೀಳಿಗೆಯ ಮಾತು ಈ ಇಬ್ಬರಿಗೂ ಎಷ್ಟು ಅನುಕೂಲವಾಗಿತ್ತು ಎಂಬುದು ನನಗೆ ಇಲ್ಲಿ ಮುಖ್ಯವಾಗಿ ಕಂಡಿತು. ತಪ್ಪು ಕಾಲದ್ದಾದರೆ, ಮಗಳನ್ನು ಎದುರಿಗೆ ಕೂರಿಸಿಕೊಂಡು ಏಕೆ ಕಟ್ಟಲಿಲ್ಲ ಎಂದು ಕೇಳುವ ಕಷ್ಟ ತಂದೆಗಿಲ್ಲ. ತಪ್ಪು ಕಾಲದ್ದಾದರೆ, ಫೋನು ಎತ್ತದಿದ್ದುದಕ್ಕೆ ಉತ್ತರ ಕೊಡುವ ಕಷ್ಟ ಮಗಳಿಗಿಲ್ಲ. ಹೊಣೆಗಾರಿಕೆ ಕುಸಿಯಿತೆಂಬ ದೂರು ಎಷ್ಟೋ ಮನೆಗಳಲ್ಲಿ ಹೊಣೆಯನ್ನು ಪಕ್ಕಕ್ಕೆ ಸರಿಸುವ ಸಭ್ಯವಾದ ದಾರಿಯೇ ಆಗಿರುತ್ತದೆ. ಅದನ್ನು ಹಿರಿಯರೂ ಬಳಸುತ್ತಾರೆ, ಕಿರಿಯರೂ ಬಳಸುತ್ತಾರೆ.

ಹಾಗೆಂದು ತಂದೆಯ ಪ್ರಶ್ನೆಯನ್ನು ಅಲ್ಲಗಳೆದು ಮುಂದೆ ಹೋಗುವಂತಿರಲಿಲ್ಲ. ಲೆಕ್ಕದಲ್ಲೇ ಬದುಕು ಕಳೆದ ಮನುಷ್ಯನಿಗೆ ಹಾರಿಕೆಯ ಉತ್ತರ ಕೊಟ್ಟರೆ ಅವರು ಎರಡನೆಯ ಸಲ ಬರುವುದಿಲ್ಲ. ಆದ್ದರಿಂದ ನನಗೆ ತಿಳಿದಿರುವುದನ್ನು ಎರಡೂ ಕಡೆಯಿಂದ ಹೇಳಿದೆ. ಬದುಕಿನಲ್ಲಿ ಆಗುವುದು ತನ್ನ ಕೈಯಲ್ಲಿದೆಯೋ, ಅದೃಷ್ಟ ಮತ್ತು ಪರರ ಕೈಯಲ್ಲಿದೆಯೋ ಎಂಬ ನಂಬಿಕೆಯನ್ನು ಅಳೆಯಲು ಮನೋವಿಜ್ಞಾನಿ ಜೂಲಿಯನ್ ರಾಟರ್ 1966ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅಮೆರಿಕದ ವಿದ್ಯಾರ್ಥಿಗಳು ದಶಕಗಳ ಉದ್ದಕ್ಕೂ ಇಂಥ ಪ್ರಶ್ನಾವಳಿಗಳಿಗೆ ಕೊಟ್ಟ ಉತ್ತರಗಳನ್ನು ಜೀನ್ ಟ್ವೆಂಗಿ ಮತ್ತು ಸಂಗಡಿಗರು ಒಟ್ಟುಗೂಡಿಸಿ ನೋಡಿದಾಗ, 1960ರ ದಶಕದ ಆರಂಭದವರಿಗಿಂತ 2002ರ ಹೊತ್ತಿನವರು ಎಲ್ಲವೂ ಹೊರಗಿನ ಶಕ್ತಿಗಳ ಕೈಯಲ್ಲಿದೆ ಎಂದು ಗಣನೀಯವಾಗಿ ಹೆಚ್ಚು ನಂಬುತ್ತಿದ್ದುದು ಕಂಡುಬಂತು. ಇದು 2004ರಲ್ಲಿ ಪ್ರಕಟವಾಯಿತು. ತಂದೆ ಇದನ್ನು ಕೇಳಿ ಮಗಳ ಕಡೆ ನೋಡಿದರು. ಆದರೆ ಫಲ ತನ್ನ ಕೈಯಲ್ಲಿಲ್ಲ ಎಂದು ನಂಬುವುದು ಒಂದು, ತನ್ನ ಪಾಲಿನ ಕೆಲಸ ಮಾಡದಿರುವುದು ಇನ್ನೊಂದು. ಸಂಬಳ ಯಾವಾಗ ಬರುತ್ತದೆಂಬುದು ತನ್ನ ಕೈಯಲ್ಲಿಲ್ಲ ಎಂದು ಮಗಳು ನಂಬಿದ್ದರೆ ಅದು ಅನುಭವದಿಂದ ಕಲಿತ ಪಾಠ. ಅಂಥ ನಂಬಿಕೆಯಿದ್ದೂ ಕರೆ ಸ್ವೀಕರಿಸಿ ಕಾಲಾವಕಾಶ ಕೇಳುವವರಿದ್ದಾರೆ.

ಇನ್ನೊಂದು ಕಡೆಯ ಸಂಗತಿಯೂ ಇದೆ. ಜಾನ್ ಪ್ರೊಟ್ಜ್ಕೊ ಮತ್ತು ಜೊನಾಥನ್ ಸ್ಕೂಲರ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರಲ್ಲಿ ಯಾವ ಗುಣ ಹೆಚ್ಚಾಗಿದೆಯೋ ಅವರಿಗೆ ಈಗಿನ ಮಕ್ಕಳಲ್ಲಿ ಅದೇ ಗುಣದ ಕೊರತೆ ಎದ್ದು ಕಾಣುವುದು ತಿಳಿದುಬಂತು: ಹೆಚ್ಚು ಓದಿದವರಿಗೆ ಈಗಿನ ಮಕ್ಕಳು ಓದುವುದನ್ನು ಇಷ್ಟಪಡುವುದಿಲ್ಲವೆಂದು ತೋರುತ್ತದೆ, ಹಿರಿಯರ ಮಾತಿಗೆ ಹೆಚ್ಚು ಬೆಲೆ ಕೊಡುವವರಿಗೆ ಮಕ್ಕಳಲ್ಲಿ ಗೌರವ ಕಡಿಮೆಯಾಯಿತೆಂದು ತೋರುತ್ತದೆ. ತಾವು ಇಂದು ಏನಾಗಿದ್ದಾರೋ ಅದನ್ನೇ ಹಿಂದಿನ ಮಕ್ಕಳ ನೆನಪಿನ ಮೇಲೂ ಹೊದಿಸಿ ನೋಡುವುದು ಇದಕ್ಕೊಂದು ಕಾರಣವೆಂದು ಅವರು ವಿವರಿಸುತ್ತಾರೆ. ಸಿಹಿಯನ್ನು ಮುಂದಿಟ್ಟು, ತಿನ್ನದೆ ಕಾದರೆ ಇನ್ನೊಂದು ಸಿಗುತ್ತದೆ ಎಂದು ಹೇಳಿ ಮಕ್ಕಳ ಸಂಯಮವನ್ನು ಪರೀಕ್ಷಿಸುವ ಹಳೆಯ ಪ್ರಯೋಗವೂ ಹಾಗೆಯೇ. ಈಗಿನ ಮಕ್ಕಳು ಕಡಿಮೆ ಹೊತ್ತು ಕಾಯುತ್ತಾರೆಂದು ಹೆಚ್ಚಿನ ವಯಸ್ಕರು ಊಹಿಸಿದ್ದರು. 2018ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಕಾರ 2000ದ ದಶಕದ ಮಕ್ಕಳು 1960ರ ದಶಕದವರಿಗಿಂತ ಸರಾಸರಿ ಎರಡು ನಿಮಿಷ ಹೆಚ್ಚೇ ಕಾದಿದ್ದರು. ಅದಲ್ಲದೆ, ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವ, ಮಾತಿಗೆ ತಪ್ಪದಿರುವ ಗುಣ ಇಪ್ಪತ್ತರಿಂದ ನಲವತ್ತರವರೆಗಿನ ವಯಸ್ಸಿನಲ್ಲಿ ಸಾಮಾನ್ಯವಾಗಿ ಬೆಳೆಯುತ್ತ ಹೋಗುತ್ತದೆ ಎಂಬುದು ವ್ಯಕ್ತಿತ್ವದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ವಿಷಯ. 61ರವರನ್ನು 25ರವರ ಪಕ್ಕದಲ್ಲಿ ನಿಲ್ಲಿಸಿದರೆ ಕಾಣುವ ಅಂತರದಲ್ಲಿ ಕಾಲದ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಮನೆಯಲ್ಲಿ ಕುಳಿತವರಿಗೆ ಸಾಧ್ಯವಿಲ್ಲ.

ತಂದೆ ಸೋಲಲಿಲ್ಲ. "ನಾನು ನನ್ನ 25ನ್ನೇ ಅವಳ 25ರ ಜೊತೆ ಹೋಲಿಸುತ್ತಿದ್ದೇನೆ" ಎಂದರು. ಅದು ನ್ಯಾಯವಾದ ಆಕ್ಷೇಪ. ಅವರ ವಿಷಯದಲ್ಲಿ ಆ ಹೋಲಿಕೆ ಅವರ ಪರವಾಗಿಯೇ ಇತ್ತು. ಆಗ ನಾನು ಕೇಳಿದ್ದು ಇಷ್ಟು: ನಿಮಗೆ 25 ಆಗಿದ್ದಾಗ ಒಂದು ಕಂತು ತಪ್ಪಿದ್ದರೆ ಕಟ್ಟುವವರು ಯಾರಿದ್ದರು? ಯಾರೂ ಇರಲಿಲ್ಲ ಎಂದರು. ಮಗಳಿಗೆ ಆ ಸ್ಥಿತಿ ಬರಬಾರದೆಂದೇ ಅಲ್ಲವೇ ದುಡಿದದ್ದು ಎಂದು ಕೇಳಿದಾಗ, ತಾವೇ ಒಂದೊಂದಾಗಿ ಹೇಳತೊಡಗಿದರು: ಕಾಲೇಜಿನ ಅರ್ಜಿ ತುಂಬಿದ್ದು, ಶುಲ್ಕದ ಕೊನೆಯ ದಿನಾಂಕ ನೆನಪಿಟ್ಟದ್ದು, ಸಾಲದ ಕಾಗದಪತ್ರಗಳನ್ನು ಮಗಳು ಓದುವ ಮುನ್ನವೇ ತಾವು ಓದಿ, ಸಹಿ ಹಾಕಬೇಕಾದ ಕಡೆಯೆಲ್ಲ ಪೆನ್ಸಿಲ್ ಗುರುತು ಮಾಡಿ ಕೊಟ್ಟದ್ದು. ಮರುಪಾವತಿಯ ಕರಾರನ್ನು ಮಗಳು ಇಂದಿಗೂ ಪೂರ್ತಿಯಾಗಿ ಓದಿರಲಿಲ್ಲ.

ಕುಟುಂಬಗಳನ್ನು ಅಧ್ಯಯನ ಮಾಡಿದ ಮನೋವೈದ್ಯ ಮರ್ರೆ ಬೋವೆನ್ ಗುರುತಿಸಿದ ಒಂದು ಸಂಗತಿ ಇಲ್ಲಿಗೆ ಒಪ್ಪುತ್ತದೆ. ಮನೆಯಲ್ಲಿ ಒಬ್ಬರು ತಮ್ಮ ಪಾಲಿಗಿಂತ ಹೆಚ್ಚು ಹೊತ್ತುಕೊಂಡಷ್ಟೂ ಇನ್ನೊಬ್ಬರು ತಮ್ಮ ಪಾಲಿಗಿಂತ ಕಡಿಮೆ ಹೊರುತ್ತಾರೆ. ಇವರು ಕಡಿಮೆ ಹೊತ್ತಷ್ಟೂ ಅವರು ಇನ್ನಷ್ಟು ಹೊರುತ್ತಾರೆ. ಯಾರು ಮೊದಲು ಶುರುಮಾಡಿದರೆಂದು ಹುಡುಕಿ ಪ್ರಯೋಜನವಿಲ್ಲ. ಹೆಚ್ಚು ಹೊತ್ತವರಿಗೆ ಎದುರಿನವರು ಬೇಜವಾಬ್ದಾರರಾಗಿ ಕಾಣುತ್ತಾರೆ, ಕಡಿಮೆ ಹೊತ್ತವರಿಗೆ ಎದುರಿನವರು ದಬ್ಬಾಳಿಕೆಯವರಾಗಿ ಕಾಣುತ್ತಾರೆ. ನೋಟಿಸು ಬಂದ ದಿನ ತಂದೆ ಮೌನವಾಗಿ ಕಟ್ಟಿ ಬಂದದ್ದೂ ಇದೇ ಸರಣಿಯ ಒಂದು ಕೊಂಡಿ. ಮಗಳು ತನ್ನ ತಪ್ಪನ್ನು ಎದುರಿಸಬಹುದಾಗಿದ್ದ ಒಂದೇ ಅವಕಾಶವನ್ನು ಅವರು ದುಡ್ಡು ಕೊಟ್ಟು ಮುಗಿಸಿಬಿಟ್ಟಿದ್ದರು.

ಇದಿಷ್ಟನ್ನೂ ಕೇಳುತ್ತಿದ್ದ ಮಗಳ ಮುಖದಲ್ಲಿ ಒಂದು ನಿರಾಳ ಕಾಣತೊಡಗಿದ್ದರಿಂದ ಅಲ್ಲಿಗೆ ನಿಲ್ಲಿಸುವುದು ಸರಿಯಾಗುತ್ತಿರಲಿಲ್ಲ. ಅಪ್ಪ ಎಲ್ಲವನ್ನೂ ಮಾಡಿಟ್ಟರು, ಹಾಗಾಗಿ ನಾನು ಕಲಿಯಲಿಲ್ಲ ಎಂಬುದು 25ನೇ ವಯಸ್ಸಿನಲ್ಲಿ ವಿವರಣೆಯಾದೀತೇ ಹೊರತು ವಿನಾಯಿತಿಯಾಗದು. ಕಂತು ಕಟ್ಟಲಾಗದಿದ್ದುದರಲ್ಲಿ ಆಕೆಯ ತಪ್ಪು ಸ್ವಲ್ಪವೇ. ಕಟ್ಟಲಾಗುತ್ತಿಲ್ಲವೆಂದು ಜಾಮೀನುದಾರರಿಗೆ ತಿಳಿಸದಿದ್ದುದು ಪೂರ್ತಿ ಆಕೆಯ ತಪ್ಪು, ಏಕೆಂದರೆ ಆ ಮೌನದ ಬೆಲೆ ತೆರಬೇಕಾದವರು ಬೇರೊಬ್ಬರು. ಇದನ್ನು ನೇರವಾಗಿಯೇ ಹೇಳಿದೆ. ಆಕೆ ಫೋನು ಎತ್ತದಿದ್ದುದು ಉಡಾಫೆಯಿಂದಲ್ಲ, ಭಯದಿಂದ. ಕರೆ ಬಂದ ರಾತ್ರಿಗಳಲ್ಲಿ ನಿದ್ದೆ ಬರುತ್ತಿರಲಿಲ್ಲವೆಂದಳು. ತಂದೆಗೆ ಇದು ಹೊಸ ಸುದ್ದಿಯಾಗಿತ್ತು. ನಿಶ್ಚಿಂತೆಯಾಗಿದ್ದಾಳೆ ಎಂದೇ ಅವರು ತಿಳಿದಿದ್ದರು. ಕಚೇರಿಯಲ್ಲಿ ತಾನು ಸಿದ್ಧಪಡಿಸಿದ ವರದಿಯೊಂದರಲ್ಲಿ ತಪ್ಪು ನುಸುಳಿದಾಗ, ಯಾರೂ ಪತ್ತೆ ಮಾಡುವ ಮೊದಲೇ ಮೇಲಧಿಕಾರಿಗೆ ಪತ್ರ ಬರೆದು ಒಪ್ಪಿಕೊಂಡು ತಿದ್ದಿಕೊಟ್ಟ ಸಂಗತಿಯನ್ನೂ ಆಕೆ ಮಾತಿನ ನಡುವೆ ಹೇಳಿದಳು. ಹೊಣೆ ಹೊರಲು ಬರದವರು ಹಾಗೆ ಮಾಡುವುದಿಲ್ಲ. ಕಚೇರಿಯಲ್ಲಿ ಆಕೆಯ ಹಿಂದೆ ಕಟ್ಟಿಕೊಡುವವರು ಯಾರೂ ಇರಲಿಲ್ಲ ಎಂಬುದನ್ನು ತಂದೆಯೇ ಗಮನಿಸಿದರು.

ಕೊಟ್ಟ ಸಲಹೆ ಹೀಗಿತ್ತು. ಮಕ್ಕಳ ತಪ್ಪಿನ ಪರಿಣಾಮವನ್ನು ಅವರೇ ಅನುಭವಿಸಲಿ, ನೀವು ಕೈ ಹಾಕಬೇಡಿ ಎಂಬ ಸಾಮಾನ್ಯ ಉಪದೇಶ ಇಲ್ಲಿ ನಡೆಯುವುದಿಲ್ಲ; ಜಾಮೀನುದಾರರಾಗಿ ತಂದೆಗೂ ಬ್ಯಾಂಕಿಗೆ ಉತ್ತರಿಸುವ ಬಾಧ್ಯತೆಯಿದೆ. ಆದ್ದರಿಂದ ಹಣ ಕೊಡಬೇಡಿ ಎಂದು ಹೇಳದೆ, ಗುಟ್ಟಾಗಿ ಕೊಡಬೇಡಿ ಎಂದೆ. ಕಂತಿನ ದಿನಾಂಕಕ್ಕೆ ಒಂದು ವಾರ ಮೊದಲು ಮಗಳು ತನ್ನ ಸ್ಥಿತಿಯನ್ನು ತಾನಾಗಿ ತಿಳಿಸಬೇಕು. ಅಲ್ಲಿಯವರೆಗೆ ತಂದೆ ಕೇಳಕೂಡದು. ಕೊರತೆ ಬಿದ್ದರೆ ಬ್ಯಾಂಕಿನೊಡನೆ ಮೊದಲು ಮಾತಾಡಬೇಕಾದವಳು ಮಗಳು. ಅದೂ ಸಾಲದೆ ತಂದೆ ಕಟ್ಟಬೇಕಾಗಿ ಬಂದರೆ, ಈಗಾಗಲೇ ಕಟ್ಟಿರುವ ಮೂರು ಕಂತುಗಳೂ ಸೇರಿ, ಅದು ಮಗಳು ತಂದೆಗೆ ಕೊಡಬೇಕಾದ ಬಾಕಿಯೆಂದು ಇಬ್ಬರೂ ಬರೆದಿಟ್ಟುಕೊಳ್ಳಬೇಕು. ತಂದೆಗೆ ಪ್ರತ್ಯೇಕವಾಗಿ ಹೇಳಿದ್ದು, ಮಗಳ ಮೇಲಿನ ದೂರನ್ನು ಮಗಳಿಗೇ ಹೇಳಿ, ಬಂಧುಗಳೆದುರು ಪೀಳಿಗೆಯ ಹೆಸರಿನಲ್ಲಿ ಹೇಳಬೇಡಿ ಎಂದು. ಇಡೀ ಪೀಳಿಗೆಯನ್ನು ತಿದ್ದುವ ಶಕ್ತಿ ಯಾವ ಮಗಳಿಗೂ ಇಲ್ಲ. ಮುಂದಿನ ತಿಂಗಳ ಕಂತನ್ನು ಸರಿಪಡಿಸುವ ಶಕ್ತಿ ಇದೆ. ಮಗಳಿಗೆ ಹೇಳಿದ್ದು, ಸಾಲದ ಕರಾರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ, ಅರ್ಥವಾಗದ್ದನ್ನು ಅಪ್ಪನನ್ನಲ್ಲ, ಬ್ಯಾಂಕಿನವರನ್ನೇ ಕೇಳಬೇಕೆಂದು. ಮತ್ತು ಕಳೆದ ಮೂರು ತಿಂಗಳಲ್ಲಿ ಪರರಿಂದ ಆದದ್ದೇನು, ತನ್ನಿಂದ ಆದದ್ದೇನು ಎಂದು ಎರಡು ಹಾಳೆಗಳಲ್ಲಿ ಬೇರೆ ಬೇರೆಯಾಗಿ ಬರೆದು, ಮೊದಲನೆಯ ಹಾಳೆಯನ್ನು ತನ್ನಲ್ಲೇ ಇಟ್ಟುಕೊಂಡು ಎರಡನೆಯದನ್ನು ಮಾತ್ರ ತಂದೆಗೆ ಓದಿ ಹೇಳಬೇಕೆಂದು. ಮೊದಲನೆಯ ಹಾಳೆ ಸುಳ್ಳಲ್ಲ. ಆದರೆ ಕ್ಷಮೆ ಕೇಳುವಾಗ ಅದು ಜೊತೆಗಿದ್ದರೆ ಕೇಳುವವರಿಗೆ ಅದೊಂದೇ ಕೇಳಿಸುತ್ತದೆ.

ಎರಡನೆಯ ಹಾಳೆಯಲ್ಲಿ ಕೆಲವೇ ಸಾಲುಗಳಿದ್ದವು. ತಂದೆ ಅದನ್ನು ಕೇಳಿ, ಬಂಧುಗಳೆದುರು ಹಾಗೆ ಮಾತಾಡಬಾರದಿತ್ತು ಎಂದಷ್ಟೇ ಹೇಳಿದರು.

ಮಗಳು ಬ್ಯಾಂಕಿಗೆ ಹೋಗಿ ಸಾಲದ ಅವಧಿಯನ್ನು ಹೆಚ್ಚಿಸಿಕೊಂಡು ಕಂತಿನ ಮೊತ್ತವನ್ನು ಇಳಿಸಿಕೊಂಡಳು. ಒಟ್ಟು ಬಡ್ಡಿ ಹೆಚ್ಚುತ್ತದೆ ಎಂದು ತಂದೆ ಇದನ್ನು ಒಪ್ಪಲಿಲ್ಲ, ಆದರೆ ತಡೆಯಲೂ ಇಲ್ಲ. ಆಮೇಲೆ ಒಂದು ತಿಂಗಳು ಮತ್ತೆ ಸಂಬಳ ತಡವಾದಾಗ ಆಕೆ ಒಪ್ಪಂದದಂತೆ ಮುಂಚೆಯೇ ತಿಳಿಸಿದಳು. ತಂದೆ ಆ ದಿನವೆಲ್ಲ ಚಡಪಡಿಸಿದರೆಂದೂ, ಬ್ಯಾಂಕಿಗೆ ಹೋಗಲು ಹೊರಟವರನ್ನು ತಾನು ಬಾಗಿಲಲ್ಲೇ ನಿಲ್ಲಿಸಿದೆನೆಂದೂ ತಾಯಿ ಹೇಳಿದರು. ಈಗಿನವರ ಬಗ್ಗೆ ತಂದೆಯ ಅಭಿಪ್ರಾಯ ಬದಲಾಗಿಲ್ಲ. ಅದನ್ನು ಬದಲಿಸುವುದು ಸಲಹೆಯ ಉದ್ದೇಶವೂ ಆಗಿರಲಿಲ್ಲ.

ಈಚೆಗೆ ಅವರು ಒಬ್ಬರೇ ಬಂದಿದ್ದರು. ಕಿರಿಯ ಮಗನೂ ಓದಿಗಾಗಿ ಸಾಲಕ್ಕೆ ಅರ್ಜಿ ಹಾಕುತ್ತಿದ್ದಾನೆ, ಜಾಮೀನಿಗೆ ಸಹಿ ಹಾಕಬೇಕೋ ಬೇಡವೋ ಎಂದು ಕೇಳಿದರು. ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಕರಾರಿನಲ್ಲಿ ಏನಿದೆಯೆಂದು ಅವನು ನಿಮಗೆ ವಿವರಿಸಿ ಹೇಳುವವರೆಗೆ ಆ ಕಾಗದಗಳನ್ನು ನೀವು ಓದಬೇಡಿ ಎಂದೆ. ಅರ್ಜಿಯನ್ನು ಆಗಲೇ ಅರ್ಧ ತುಂಬಿಟ್ಟಿರುವುದಾಗಿ ಹೇಳಿದರು. ಹೊಸ ನಮೂನೆಯೊಂದನ್ನು ತರಿಸಿ ಮಗನ ಕೈಗೆ ಕೊಡುವಂತೆ ಸೂಚಿಸಿದ್ದೇನೆ.