ಎಲ್ಲ ಕತ್ತಲೆ ಆದಾಗ ದೇವರು ದಾರಿ ತೋರಿಸ್ತಾನೆ ಅಂತ ನಂಬುದು ಹೇಗೆ?

ಕೆಲಸ ಹೋಯ್ತು, ಮುಂದೆ ಎಂತ ಗೊತ್ತಿಲ್ಲ, ದೇವರ ಹತ್ರ ಕೇಳಿದ್ರೆ ಉತ್ತರ ಬರುದಿಲ್ಲ, ಹೇಗೆ ನಂಬ್ಲಿ ಅಂತ ಕೇಳಿದ್ದೀರಿ. ಓದಿ ಸುಮ್ಮನೆ ಹೋಗ್ಲಿಕ್ಕೆ ಮನಸ್ಸಾಗ್ಲಿಲ್ಲ, ನಾನೂ ಇದನ್ನೇ ಕೇಳ್ತಾ ಇದ್ದವ.

2020ರಲ್ಲಿ ಶಾರ್ಜಾದಲ್ಲಿ ನನ್ನ ಅಕೌಂಟ್ಸ್ ಕೆಲಸ ಹೋಯ್ತು. ಊರಿಗೆ ಬಂದೆ, ಮನೆ ಕಟ್ಟಿದ ಸಾಲ ತಲೆ ಮೇಲೆ, ಮಗಳು ಸಣ್ಣದು. ರಾತ್ರಿ ಎರಡು ಗಂಟೆಗೆ ಎದ್ದು ಚಾವಡಿಯಲ್ಲಿ ಕೂತು ಕೃಷ್ಣಾ ಎಂತಾದ್ರೂ ಒಂದು ಹೇಳು ಅಂತ ಕೇಳುದು, ಎಂತದೂ ಇಲ್ಲ.

ಕೊರೋನಾಕ್ಕೆ ಮುಚ್ಚಿದ್ದ ಕೃಷ್ಣ ಮಠ ಪುನಃ ತೆರೆದ ಮೇಲೆ ಅಮ್ಮನನ್ನು ಉಡುಪಿಗೆ ಕರ್ಕೊಂಡು ಹೋದೆ. ಅಲ್ಲಿ ಬಾಗಿಲೆದುರು ನಿಂತು ನೋಡ್ಲಿಕ್ಕಿಲ್ಲ, ಒಂಬತ್ತು ತೂತಿನ ನವಗ್ರಹ ಕಿಂಡಿಯಲ್ಲೇ ದರ್ಶನ. ಸಣ್ಣದಿರುವಾಗಿಂದ ಎಷ್ಟು ಸಲ ನೋಡಿದ್ದೇನೋ, ಆದ್ರೆ ಗಮನ ಹೋದದ್ದು ಆ ದಿನವೇ, ಒಂದು ತೂತಿನಲ್ಲಿ ಮುಖ ಕಾಣ್ತದೆ, ಸ್ವಲ್ಪ ಬಗ್ಗಿದ್ರೆ ಕಡೆಗೋಲು ಹಿಡಿದ ಕೈ, ಇಡೀ ಕೃಷ್ಣ ಒಟ್ಟಿಗೆ ಸಿಗುದೇ ಇಲ್ಲ. ಆಮೇಲೆ ಹೊರಗೆ ಕನಕನ ಕಿಂಡಿ ಹತ್ರ ಬಂದೆವು. ಒಳಗೆ ಬಿಡದ ಕನಕದಾಸರಿಗೆ ಕೃಷ್ಣ ಪಶ್ಚಿಮಕ್ಕೆ ತಿರುಗಿ ದರ್ಶನ ಕೊಟ್ಟ ಅಂತ ಹೇಳ್ತಾರಲ್ಲ, ಅಮ್ಮ ಅಲ್ಲಿ ಕೈ ಮುಗಿದು "ಅವರೂ ಹೊರಗೆ ಕಾದದ್ದೇ ಅಲ್ವಾ ಮಗ" ಅಂದ್ರು. ನಂಗೆ ಅಳು ಬಂತು.

ನಾನು ಅಲ್ಲಿವರೆಗೆ ಇಡೀ ದಾರಿ ತೋರಿಸು ಅಂತ ಹಟ ಹಿಡಿದಿದ್ದೆ. ಅವತ್ತಿಂದ ನಾಳೆ ಒಂದು ದಿನ ಎಂತ ಮಾಡ್ಲಿ ಅಂತ ಮಾತ್ರ ಕೇಳ್ಲಿಕ್ಕೆ ಶುರು ಮಾಡಿದೆ. ಸ್ವಲ್ಪ ದಿನಕ್ಕೆ ಮಾವ ಫೋನ್ ಮಾಡಿ ಮಲ್ಪೆ ಧಕ್ಕೆಯಲ್ಲಿ, ಅಂದ್ರೆ ಮೀನಿನ ಬೋಟ್ ನಿಲ್ಲುವ ಬಂದರಿನಲ್ಲಿ, ಬೋಟಿನ ಲೆಕ್ಕ ಬರೀಲಿಕ್ಕೆ ಜನ ಬೇಕು ಬರ್ತೀಯಾ ಅಂದ್ರು. ಗಲ್ಫಿಂದ ಬಂದವ ಧಕ್ಕೆಗಾ ಅಂತ ನಾಚಿಕೆ ಆಯ್ತು, ಆದ್ರೂ ಹೋದೆ. ನಂಗೆ ಅದೇ ಅವನ ಉತ್ತರ. ಹೆದರಿಕೆ ಪೂರ್ತಿ ಹೋಗ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಜೂನ್ ಜುಲೈ 61 ದಿನ ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ, ಕೈಯಲ್ಲಿ ದುಡ್ಡಿಲ್ಲ, ಪುನಃ ಅದೇ ನಿದ್ರೆ ಇಲ್ಲದ ರಾತ್ರಿ. ಆದ್ರೆ ಆ ಮಳೆಗಾಲದಲ್ಲಿ ನಮ್ಮವರು ಕೂತು ಬಲೆ ರಿಪೇರಿ ಮಾಡುದನ್ನು ನೋಡ್ತಿದ್ದೆ, ಆಗಸ್ಟಿನಲ್ಲಿ ಮೀನು ಬೀಳ್ತದಾ ಇಲ್ವಾ ಒಬ್ಬರಿಗೂ ಗೊತ್ತಿಲ್ಲ, ಕೈ ಮಾತ್ರ ನಿಲ್ಲುದಿಲ್ಲ. ನಾನೂ ಅವರ ಪಕ್ಕ ಕೂತು ಕಲಿತೆ.

ಒಂದು ಮಾತು, ಜೀವವೇ ಬೇಡ ಅಂತ ಅನ್ನಿಸುವಷ್ಟು ಆಗಿದ್ರೆ ದಯವಿಟ್ಟು ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ದೇವರು ಅಂಥವರ ಬಾಯಲ್ಲೂ ಮಾತಾಡ್ತಾನೆ ಅಂತ ನಂಬುವವ ನಾನು.

ನನ್ನ ಸಾಲ ಇನ್ನೂ ಉಂಟು. ಇವತ್ತು ಸಂಜೆ ದೀಪ ಹಚ್ಚುವಾಗ, ನಿಮ್ಮ ಹೆಸರು ಗೊತ್ತಿಲ್ಲದಿದ್ರೂ, ನಿಮ್ಮನ್ನೂ ನೆನೆಸ್ತೇನೆ.