ಇಳಕಲ್ ಸೀರೆಯ ಕೂಡುಗೆಯನ್ನು ಕತ್ತರಿಸಬಹುದೇ?

ಪ್ರಶ್ನೆ: ಅತ್ತೆಯವರು ನನ್ನ ಮದುವೆಯಲ್ಲಿ ಕೊಟ್ಟ ಇಳಕಲ್ ಸೀರೆಯಲ್ಲಿ, ಸೆರಗು ಒಡಲಿಗೆ ಸೇರುವ ಕಡೆ ಒಂದು ಗೇಣಿನಷ್ಟು ಎಳೆ ಬಿಟ್ಟುಕೊಂಡಿದೆ. ಅಲ್ಲಿಯೇ ಕತ್ತರಿಸಿ ಹೊಲಿದು ಕೊಡುವುದಾಗಿ ದರ್ಜಿ ಹೇಳುತ್ತಾರೆ. ಹಾಗೆ ಮಾಡಬಹುದೇ? ಮಗಳಿಗೆ ಹೊಸ ಸೀರೆ ಕೊಳ್ಳುವಾಗ ಕೈಮಗ್ಗದ್ದನ್ನು ಗುರುತಿಸುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ದಯವಿಟ್ಟು ಕತ್ತರಿಸಬೇಡಿ. ಇಳಕಲ್ ಸೀರೆಯನ್ನು ಬೇರೆ ಸೀರೆಗಳಿಂದ ಬೇರೆಯಾಗಿಸುವುದೇ ಆ ಜಾಗ. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಒಡಲಿನ ಹಾಸು, ಸೆರಗಿನ ಹಾಸು, ಅಂಚಿನ ಹಾಸು ಇವನ್ನು ನೇಕಾರರು ಬೇರೆ ಬೇರೆಯಾಗಿ ಸಿದ್ಧಮಾಡಿಕೊಳ್ಳುತ್ತಾರೆ. ಆಮೇಲೆ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಹೀಗೆ ಕೂಡಿಸಿದ ಹಾಸಿನಿಂದ ಒಂದೇ ಸೀರೆ ಬರುವ ಕಾರಣಕ್ಕೆ ಪ್ರತಿ ಸೀರೆಗೂ ಈ ಕೆಲಸ ಮೊದಲಿನಿಂದ ನಡೆಯಬೇಕು. ಹೆಚ್ಚಿನ ಮನೆಗಳಲ್ಲಿ ಮಗ್ಗದ ಮುಂದೆ ಕೂರುವವರಷ್ಟೇ ಹಾಸು ಸಿದ್ಧಮಾಡುವ ಹೆಂಗಸರ ಶ್ರಮವೂ ಅದರಲ್ಲಿ ಸೇರಿರುತ್ತದೆ. ಅದನ್ನು ಕತ್ತರಿಯಿಂದ ತೆಗೆದುಹಾಕಿದರೆ ಮತ್ತೆ ಕೂಡಿಸಲು ಆಗುವುದಿಲ್ಲ.

ಬದಲಿಗೆ, ಬಿಟ್ಟುಕೊಂಡ ಭಾಗದ ಹಿಂಬದಿಗೆ ಅದೇ ಬಣ್ಣದ ತೆಳು ಹತ್ತಿಬಟ್ಟೆಯ ಪಟ್ಟಿಯನ್ನು ಅಸ್ತರಿನಂತೆ ಇಟ್ಟು, ಗಟ್ಟಿ ಇರುವ ಕಡೆಯವರೆಗೂ ಸಣ್ಣ ಕೈಹೊಲಿಗೆ ಹಾಕಿಸಿ; ಯಂತ್ರದ ಹೊಲಿಗೆ ಬೇಡ, ಹಳೆಯ ರೇಷ್ಮೆ ಎಳೆ ಅದನ್ನು ತಾಳುವುದಿಲ್ಲ. ಸೀರೆಯನ್ನು ಸೋಪಿನ ನೀರಿನಲ್ಲಿ ನೆನೆಹಾಕಬೇಡಿ, ಸೆರಗಿನ ಕೆಂಪು ಒಡಲಿಗೆ ಹತ್ತಬಹುದು. ತಣ್ಣೀರಿನಲ್ಲಿ ಬೇಗ ಜಾಲಿಸಿ, ಹಿಂಡದೆ ನೆರಳಿನಲ್ಲಿ ಹರವಿ, ಆಗಾಗ ಮಡಿಕೆ ಬದಲಿಸಿ ಇಡಿ.

ಹೊಸದನ್ನು ಕೊಳ್ಳುವಾಗಲೂ ಆ ಕೂಡುಗೆಯನ್ನೇ ನೋಡಬೇಕು. ಸೆರಗು ಶುರುವಾಗುವ ಕಡೆ ಸೀರೆಯನ್ನು ಬೆಳಕಿಗೆ ಹಿಡಿದು ಮಗ್ಗುಲು ಬದಲಿಸಿ: ಕೈಮಗ್ಗದ ಸೀರೆಯಲ್ಲಿ ಒಡಲಿನ ಬಣ್ಣ ಅಲ್ಲಿಗೆ ನಿಂತು, ಕೆಂಪು ಹಾಸಿನ ಮೇಲೆ ಕೆಂಪು ಹೊಕ್ಕು, ಅಂದರೆ ಅಡ್ಡ ಎಳೆ, ಬಿದ್ದ ಗಟ್ಟಿ ಕೆಂಪು ತೊಡಗುತ್ತದೆ. ಒಂದೇ ಹಾಸಿನಲ್ಲಿ ಸಾಲುಸಾಲಾಗಿ ಸೀರೆ ತೆಗೆಯುವ ವಿದ್ಯುತ್ ಮಗ್ಗದಲ್ಲಿ ಹಾಸು ಬದಲಾಗುವುದಿಲ್ಲ, ಹಾಗಾಗಿ ಸೆರಗಿನ ಕೆಂಪಿನೊಳಗಿಂದ ಒಡಲಿನ ಹಸಿರೋ ನೀಲಿಯೋ ಇಣುಕಿ, ಬಣ್ಣ ಮಂಕಾಗಿ ಕಾಣುತ್ತದೆ. ಸೆರಗಿನ ಕೆಂಪು ಪಟ್ಟೆಗಳ ನಡುವಿನ ಬಿಳಿ ತೋಪು ತೆನೆಯ ಚಿತ್ತಾರವನ್ನು ಎರಡರಲ್ಲೂ ಮೂಡಿಸಬಹುದು, ಅದೊಂದನ್ನೇ ನಂಬಬೇಡಿ. ಸೆರಗಿನಲ್ಲಿ ಅಸಲಿ ರೇಷ್ಮೆ ಇದೆಯೋ ಕೃತಕ ರೇಷ್ಮೆಯೋ ಎಂಬುದನ್ನು ಮಾತ್ರ ಕೇಳಿಯೇ ಕೊಳ್ಳಿ. ಎರಡೂ ಬಳಕೆಯಲ್ಲಿವೆ, ಬೆಲೆಯ ಅಂತರ ದೊಡ್ಡದು. ಕಸೂತಿ ಬೇಕೆಂದರೆ ಹೊಸ ಸೀರೆಯ ಮೇಲೆ ಹಾಕಿಸಿ. ಎಳೆ ಎಣಿಸಿ, ಗಂಟಿಲ್ಲದೆ ಹಾಕಿದ ಗವಂತಿ ಹೊಲಿಗೆ ಒಳಗೂ ಹೊರಗೂ ಒಂದೇ ರೀತಿ ಕಾಣಬೇಕು. ಹಿಂಬದಿ ತಿರುಗಿಸಿ ನೋಡಿದರೆ ಕೈಕೆಲಸ ಯಾವುದೆಂದು ಗೊತ್ತಾಗುತ್ತದೆ.

ಪ್ರಶ್ನೆ: ತಂಗಿಯ ಸೀಮಂತಕ್ಕೆ ಹೆಂಗಸರೆಲ್ಲ ಇಳಕಲ್ ಸೀರೆ ಉಡುತ್ತಾರೆ. ಕುಬಸ ಯಾವುದಿರಬೇಕು, ಗಂಡಸರು ಏನು ಉಟ್ಟರೆ ಚೆನ್ನ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕುಬಸಕ್ಕೆ ಗುಳೇದಗುಡ್ಡದ ಖಣವನ್ನೇ ಆರಿಸಿ. ಇಳಕಲ್‌ನಂತೆ ಅದೂ ಬಾಗಲಕೋಟೆ ಜಿಲ್ಲೆಯದೇ. ಸೀರೆಯ ಒಡಲು ಸಾದಾ ಅಥವಾ ಚೌಕಳಿ ಇರುವುದರಿಂದ ಖಣದ ಸಣ್ಣ ಚಿತ್ತಾರ ಅದರ ಪಕ್ಕದಲ್ಲಿ ಎದ್ದು ಕಾಣುತ್ತದೆ. ಗಂಡಸರಿಗೆ ಕಚ್ಚೆ ಹಾಕಿದ ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ಪಟಗ ಸಾಕು. ನಾಲ್ಕು ಮೊಳದ ಪಂಚೆಯಲ್ಲಿ ಕಚ್ಚೆ ಕೂರುವುದಿಲ್ಲ, ಕನಿಷ್ಠ ಎಂಟು ಮೊಳದ್ದನ್ನು ತನ್ನಿ. ಉಡಿಸಲು ಬಲ್ಲ ಹಿರಿಯರೊಬ್ಬರನ್ನು ಹಿಂದಿನ ದಿನವೇ ಕರೆಸಿಕೊಂಡು ಕಲಿತುಬಿಡಿ.