ಉತ್ತರ: ದುಡಿ ಪಾಟ್ ರೆಕಾರ್ಡ್ ಮಾಡಲು ಟ್ಯಾಬ್‌ಗೆ ಯಾವ ಆ್ಯಪ್?

ತಮ್ಮಾ, ನೀನು ಕೇಳಿದ್ದು ಇಷ್ಟು ಅಲ್ವಾ? ಟ್ಯಾಬ್ ಇನ್ನೂ ತಗೊಂಡಿಲ್ಲ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯೊಳಗೆ ಅಪ್ಪ, ದೊಡ್ಡಪ್ಪ ಎಲ್ಲ ಸೇರಿ ಹಾಡುವ ದುಡಿಕೊಟ್ಟ್ ಪಾಟ್ (ಡಮರು ಆಕಾರದ ಸಣ್ಣ ವಾದ್ಯ ದುಡಿ ಬಾರಿಸುತ್ತ ಹಾಡುವ ಕೊಡವ ಹಾಡು) ರೆಕಾರ್ಡ್ ಆಗಬೇಕು, ಆಮೇಲೆ ಅದಕ್ಕೆ ಗಿಟಾರ್, ಸ್ವಲ್ಪ ಕೀಬೋರ್ಡ್ ಸೇರಿಸಬೇಕು. ಗ್ಯಾರೇಜ್‌ಬ್ಯಾಂಡ್, ಎಫ್‌ಎಲ್ ಸ್ಟುಡಿಯೋ ಮೊಬೈಲ್, ಬ್ಯಾಂಡ್‌ಲ್ಯಾಬ್, ಕ್ಯೂಬೇಸಿಸ್, ಇವುಗಳಲ್ಲಿ ಯಾವುದು?

ಟ್ಯಾಬ್ ತಗೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಆ್ಯಪ್ ಯಾವುದು ಅಂತ ಮೊದಲು ಗೊತ್ತು ಮಾಡಿಕೋ, ಅದು ಓಡುವ ಟ್ಯಾಬ್ ಆಮೇಲೆ ನೋಡು. ನಿನ್ನ ಮುಖ್ಯ ಕೆಲಸ ಮೈಕಿನದು. ನಾಲ್ಕು ಜನ ಕೂತು ಹಾಡುವುದನ್ನು ಶುದ್ಧವಾಗಿ ಹಿಡಿಯಬೇಕು. ಎಫ್‌ಎಲ್ ಸ್ಟುಡಿಯೋ ಮೊಬೈಲ್ ಬೀಟ್ ಕಟ್ಟುವವರಿಗೆ ಬಹಳ ಒಳ್ಳೆಯದು, ನಿನಗೆ ಅದರ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ಬ್ಯಾಂಡ್‌ಲ್ಯಾಬ್ ಪುಕ್ಕಟೆ, ಕಲಿಯಲು ಸುಲಭ, ಆದರೆ ಅದು ಪ್ರಾಜೆಕ್ಟ್‌ಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಂಡು ನಡೆಯುವ ಆ್ಯಪ್. ಜೋರು ಮಳೆಗೆ ಕರೆಂಟ್ ಹೋಗಿ, ಹಿಂದೆಯೇ ಟವರೂ ಹೋಗುವ ನಮ್ಮ ಊರಲ್ಲಿ ಅದನ್ನೇ ನಂಬಿ ಕೂರಬೇಡ.

ನನ್ನ ಮಾತು ಕೇಳುವುದಾದರೆ ಐಪ್ಯಾಡ್ ಮತ್ತು ಅದರಲ್ಲಿ ಓಡುವ ಗ್ಯಾರೇಜ್‌ಬ್ಯಾಂಡ್. ಎರಡು ಮೂರು ವರ್ಷ ಹಳೆಯ ಐಪ್ಯಾಡ್ ಆದರೂ ಸಾಕು. ಆ್ಯಪ್‌ಗೆ ದುಡ್ಡಿಲ್ಲ, 32 ಟ್ರ್ಯಾಕ್‌ವರೆಗೆ (ಹಾಡು, ಗಿಟಾರ್ ಹೀಗೆ ಬೇರೆ ಬೇರೆ ಪದರ) ಕೊಡುತ್ತದೆ, ನೆಟ್ ಇಲ್ಲದೆ ಪೂರ್ತಿ ಕೆಲಸ ಮಾಡುತ್ತದೆ. 2023ರಲ್ಲಿ ಬಂದ ಐಪ್ಯಾಡಿನ ಲಾಜಿಕ್ ಪ್ರೊ ಇನ್ನೂ ದೊಡ್ಡದು, ಆದರೆ ಅದಕ್ಕೆ ಚಂದಾ ಕಟ್ಟುತ್ತಿರಬೇಕು. ಈಗ ಬೇಡ. ಗ್ಯಾರೇಜ್‌ಬ್ಯಾಂಡಿನಲ್ಲಿ ಮಾಡಿದ್ದನ್ನು ಮುಂದೆ ಲಾಜಿಕ್ ಪ್ರೊದಲ್ಲೇ ತೆರೆಯಬಹುದು.

ಗ್ಯಾರೇಜ್‌ಬ್ಯಾಂಡ್ ತೆರೆದ ಕೂಡಲೇ ಒಂದು ಕೆಲಸ ಮಾಡು. ಹೊಸ ಹಾಡಿಗೆ ಅದು ಸುಮ್ನೆ 8 ಬಾರ್ (ತಾಳದ ಆವರ್ತ) ಮಾತ್ರ ಇಟ್ಟಿರುತ್ತದೆ. ಹಾಗೇ ಬಿಟ್ಟರೆ ಅಪ್ಪ ಪಲ್ಲವಿ ಎತ್ತುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಟ್ರ್ಯಾಕ್‌ಗಳು ಕಾಣುವ ಪರದೆಯಲ್ಲಿ ಮೇಲೆ ಬಲಗಡೆ ಸಣ್ಣ ಪ್ಲಸ್ ಗುರುತಿದೆ. ಅದನ್ನು ಒತ್ತಿ ಸೆಕ್ಷನ್ ಎ ಮುಟ್ಟಿ, ಆಟೋಮ್ಯಾಟಿಕ್ ಆನ್ ಮಾಡು. ಆಮೇಲೆ ನೀನು ನಿಲ್ಲಿಸುವವರೆಗೆ ರೆಕಾರ್ಡ್ ಆಗುತ್ತಲೇ ಇರುತ್ತದೆ. ಸೆಟ್ಟಿಂಗ್ಸಿನ ಅಡ್ವಾನ್ಸ್ಡ್‌ನಲ್ಲಿ 24 ಬಿಟ್ (ಸದ್ದನ್ನು ಇನ್ನೂ ಸೂಕ್ಷ್ಮವಾಗಿ ಹಿಡಿಯುವ ಗುಣಮಟ್ಟ) ಆನ್ ಮಾಡಿಕೋ. ಸ್ಟೀರಿಯೋದಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಜಾಗ ಇಟ್ಟುಕೋ. ಒಂದೊಂದು ಪಾಟಿಗೂ ಬೇರೆ ಬೇರೆ ಫೈಲ್ ಮಾಡು.

ಮೆಟ್ರೋನೋಮ್ ದಯವಿಟ್ಟು ಆಫ್ ಮಾಡು. ನಮ್ಮ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಾಡುವವರು. ಹಾಡು ಏರಿದಂತೆ ದುಡಿಯ ನಡೆಯೂ ಸ್ವಲ್ಪ ಬಿಗಿಯಾಗುತ್ತದೆ. ಕಿವಿಯಲ್ಲಿ ಟಿಕ್ ಟಿಕ್ ಅಂತ ಇಟ್ಟರೆ ಆ ಜೀವವೇ ಹೋಗುತ್ತದೆ. ಗಿಟಾರ್ ಆಮೇಲೆ ನೀನೇ ದುಡಿ ಕೇಳಿಕೊಂಡು ಅದರ ಹಿಂದೆ ನುಡಿಸು. ಇದರ ಮೇಲೆ ರೆಡಿಮೇಡ್ ಲೂಪ್ (ಮತ್ತೆ ಮತ್ತೆ ಬರುವ ಸಂಗೀತದ ತುಣುಕು) ಕೂರಿಸಲು ಹೋಗಬೇಡ, ಕೂರುವುದಿಲ್ಲ. ವಾಲಗದ ಕುಣಿತಕ್ಕೆ ಬೇರೆಯಾಗಿ ಏನಾದರೂ ಕಟ್ಟುವ ಆಸೆ ಇದ್ದರೆ ಟೈಮ್ ಸಿಗ್ನೇಚರ್ (ತಾಳದ ಲೆಕ್ಕ) 6/8 ಮಾಡಿಕೊಂಡು ಶುರು ಮಾಡು.

ದುಡಿಯ ಹತ್ತಿರ ಮೈಕ್ ಇಟ್ಟರೆ ಕೋಲಿನ ಟಕ್ ಟಕ್ ಮಾತ್ರ ಬರುತ್ತದೆ. ಹಗ್ಗ ಅದುಮಿದಾಗ ಸ್ವರ ಜಾರಿ ಮೇಲೇರುತ್ತದಲ್ಲ, ಅದು ಕೇಳಿಸಬೇಕು ಅಂದರೆ ನಾಲ್ಕೈದು ಅಡಿ ದೂರ, ಬಾಯಿಯ ಎತ್ತರಕ್ಕೆ ಮೈಕ್ ಇರಲಿ. ಎಲ್ಲಕ್ಕಿಂತ ಜೋರಾದ ಪೆಟ್ಟು ಮೊದಲೇ ಹೊಡೆಸಿ ನೋಡು. ಮೀಟರ್ ಕೆಂಪಿಗೆ ಹೋಗಬಾರದು. ಒದ್ದೆ ಹವೆಗೆ ಚರ್ಮ ಸಡಿಲ ಆಗಿದ್ದರೆ ಬೆಂಕಿಯ ಹತ್ತಿರ ಹಿಡಿದು ಕಾಯಿಸಿ ತರಲಿ. ಮಳೆ ಹೊಯ್ಯುವಾಗ ಶೀಟಿನ ಮನೆಯಲ್ಲಿ ಕೂರಲೇಬೇಡಿ, ಆ ಸದ್ದನ್ನು ಯಾವ ಆ್ಯಪೂ ಹಾಡಿನಿಂದ ನೀಟಾಗಿ ತೆಗೆಯಲಾರದು.

ಬಜೆಟ್ ಆಂಡ್ರಾಯ್ಡ್‌ಗೇ ನಿಂತರೆ ಆಡಿಯೋ ಎವಲ್ಯೂಷನ್ ಮೊಬೈಲ್ ನೋಡು. ಅದಕ್ಕೆ ತನ್ನದೇ ಯುಎಸ್‌ಬಿ ಡ್ರೈವರ್ ಇದೆ, ಹಾಗಾಗಿ ಹೊರಗಿನ ಆಡಿಯೋ ಇಂಟರ್ಫೇಸ್ (ಮೈಕ್, ಗಿಟಾರನ್ನು ಟ್ಯಾಬ್‌ಗೆ ಜೋಡಿಸುವ ಪೆಟ್ಟಿಗೆ) ಜೊತೆ ಚೆನ್ನಾಗಿ ಹೊಂದುತ್ತದೆ. ಟ್ರಯಲ್ ಹಾಕಿ, ಹಾಡು ಕೇಳುತ್ತ ಅದರ ಮೇಲೆ ಗಿಟಾರ್ ರೆಕಾರ್ಡ್ ಮಾಡಿ ನೋಡು. ನುಡಿಸಿದ್ದು ಹಿಂದೆ ಬಿದ್ದಂತೆ ಕೇಳಿದರೆ ಆ ಟ್ಯಾಬ್ ಬೇಡ. ಕ್ಯೂಬೇಸಿಸ್ ಕೂಡ ಆಂಡ್ರಾಯ್ಡ್‌ನಲ್ಲಿ ಸಿಗುತ್ತದೆ, ಒಳ್ಳೆಯದೇ, ಆದರೆ ದುಡ್ಡು ಜಾಸ್ತಿ. ಯಾವ ಟ್ಯಾಬ್ ಆದರೂ ಇಯರ್‌ಫೋನ್ ವೈರಿನದೇ ಇರಲಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿಯೇ ಬರುತ್ತದೆ.

ಇಂಟರ್ಫೇಸ್ ತಗೊಳ್ಳುವಾಗ ಕ್ಲಾಸ್ ಕಂಪ್ಲಯಂಟ್ (ಬೇರೆ ಡ್ರೈವರ್ ಹಾಕದೆ ಓಡುವಂಥದು) ಅಂತ ಬರೆದಿದೆಯಾ ನೋಡು. ಕಂಡೆನ್ಸರ್ ಮೈಕ್ (ಕರೆಂಟ್ ಕೊಟ್ಟರೆ ನಡೆಯುವ ಸೂಕ್ಷ್ಮ ಮೈಕ್) ಆದರೆ ಇಂಟರ್ಫೇಸಿನಿಂದ 48 ವೋಲ್ಟ್ ಬೇಕು, ಅದು ಟ್ಯಾಬಿನ ಚಾರ್ಜ್ ಬೇಗ ಎಳೆಯುತ್ತದೆ. ಪವರ್ ಬ್ಯಾಂಕ್ ಜೋಡಿಸುವ ಹಬ್ ಒಂದು ಇರಲಿ. ರೆಕಾರ್ಡ್ ಮುಗಿದ ದಿನವೇ ವೇವ್ (WAV) ಆಡಿಯೋ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಿಡು. ಟ್ಯಾಬ್ ಮಾಡೆಲ್ ಗೊತ್ತಾದ ಮೇಲೆ ಇಲ್ಲೇ ಹಾಕು, ಯಾವ ಕೇಬಲ್ ಬೇಕು ಅಂತ ನೋಡಿ ಹೇಳುತ್ತೇನೆ.